ಮುನಿಗಳ ಬೊಗಸೆಗೆ ಬಂದ ಸೋಲಾರ್ ಗಾಜು

ಸೌರ ಪಂಪ್‌ಸೆಟ್ ಯೋಜನೆಯ ಮಾನ್ಯ ಜಿಲ್ಲಾ ಅಧಿಕಾರಿಗಳೇ,

ನನ್ನ ಅಂಗಳದಲ್ಲಿ ಬಿದ್ದಿರುವ ಹನ್ನೆರಡು ಕೆಟ್ಟ ಸೋಲಾರ್ ಪ್ಯಾನಲ್‌ಗಳನ್ನು ಯಾರು ಒಯ್ಯಬೇಕು? ಹತ್ತು ತಿಂಗಳಿಂದ ಕೇಳುತ್ತಿದ್ದೇನೆ. ನಿಮ್ಮ ಕಚೇರಿ ಕಂಪನಿಯತ್ತ ಬೊಟ್ಟು ಮಾಡಿತು. ಕಂಪನಿಯವರು ಫೋನೇ ಎತ್ತುವುದಿಲ್ಲ. ಪಂಚಾಯಿತಿಯ ಗಾಡಿಯವನು ಹಸಿ ಕಸ, ಒಣ ಕಸ ಬಿಟ್ಟು ಬೇರೇನೂ ಮುಟ್ಟಲಾರನಂತೆ. ಗುಜರಿಯ ಸುರಜನೊಬ್ಬನೇ ಸತ್ಯ ಹೇಳಿದವನು: "ಕಾಕಾ, ಸುತ್ತಿನ ಅಲ್ಯೂಮಿನಿಯಂ ಅಷ್ಟ ಒಯ್ತೀನ್ರಿ. ಗಾಜು ಎಲ್ಲ್ಯರೆ ಹಳ್ಳಕ್ಕ ಚೆಲ್ತೀನಿ."

ಹಾಕುವಾಗ ಎಷ್ಟು ಜನ ಬಂದಿದ್ದಿರಿ! ಹಾರ, ಫೋಟೊ, ಭಾಷಣ, ಉಪ್ಪಿಟ್ಟು. ಇಪ್ಪತ್ತೈದು ವರ್ಷ ಚಿಂತೆಯಿಲ್ಲ ಎಂದಿರಿ. ಹನ್ನೊಂದನೇ ವರ್ಷಕ್ಕೆ ಆಲಿಕಲ್ಲು ಬಿದ್ದು ಎಲ್ಲವೂ ಬಿರುಕುಬಿಟ್ಟವು. ಹೊಸವು ಬಂದವು, ಅದಕ್ಕೂ ಒಂದು ಫೋಟೊ. ಹಳೆಯವನ್ನು ಗೋಡೆಗೆ ಒರಗಿಸಿ, ಇವು ಸರ್ಕಾರಿ ಸ್ವತ್ತು, ಮಾರಬೇಡಿ, ಒಡೆಯಬೇಡಿ ಎಂದು ಹೇಳಿ ಹೋದಿರಿ. ಸ್ವತ್ತಂತೆ! ಸ್ವತ್ತಾದರೆ ನಿಮ್ಮ ಬಂಗಲೆಯಲ್ಲಿ ಇಟ್ಟುಕೊಳ್ಳಬಾರದೇ?

ಈಗ ನಮ್ಮ ಮನೆಯ ಕತೆ ಕೇಳಿ. ನಮ್ಮದು ದ್ರಾಕ್ಷಿ ತೋಟ. ಮಾರಾಟ ಮುಗಿದ ಮೇಲೆ ಉಳಿದ ಗೊನೆಗಳನ್ನು ಮನೆಬಳಕೆಗೆಂದು ಒಣಗಿಸುವುದು ರೂಢಿ. ಈ ಸಲ ನನ್ನ ತಾಯಿ ಸೋನಾಬಾಯಿ ಒಂದು ಪ್ಯಾನಲ್ ತೊಳೆದು, ಅದರ ಮೇಲೆಯೇ ಹಣ್ಣು ಹರವಿದಳು. ನೆಲಕ್ಕಿಂತ ಸ್ವಚ್ಛ, ಕಾವೂ ಜೋರು. ಶಾಬಾಸ್ ಅಂದವನು ನಾನೇ. ಆ ತಪ್ಪು ನನ್ನದು, ಬರೆದುಕೊಳ್ಳಿ. ಗಾಜಿಗೆ ಅಂಟಿಕೊಂಡ ಹಣ್ಣನ್ನು ಅವ್ವ ಚಮಚದಿಂದ ಕೆರೆದು ತೆಗೆದಳು.

ಏಪ್ರಿಲ್‌ನಲ್ಲಿ ನಮ್ಮ ಜೈನ ಮುನಿ ಮಹಾರಾಜರು ಮನೆಗೆ ಆಹಾರಕ್ಕೆ ಬಂದರು. ಅವರು ಉಣ್ಣುವುದು ದಿನಕ್ಕೊಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ. ತುತ್ತಿನಲ್ಲಿ ಕೂದಲೋ ಕಲ್ಲೋ ಸಿಕ್ಕರೆ ಅಂತರಾಯ: ಮರುದಿನದವರೆಗೆ ಅನ್ನವಿಲ್ಲ, ನೀರೂ ಇಲ್ಲ. ಅವ್ವ ಒಣದ್ರಾಕ್ಷಿಯನ್ನು ಏಳು ಸಲ ತೊಳೆದು, ಒಂದೊಂದೇ ಆರಿಸಿ ನೆನೆಹಾಕಿದ್ದಳು. ನೀರಿನಲ್ಲಿ ಗಾಜಿನ ಹರಳು ಯಾರ ಕಣ್ಣಿಗೆ ಕಾಣುತ್ತದೆ? ಎರಡನೇ ತುತ್ತಿಗೆ ಮಹಾರಾಜರ ಹೆಬ್ಬೆರಳು ಬೊಗಸೆಯಲ್ಲೇ ನಿಂತಿತು. ಸಾಸಿವೆಯಷ್ಟು ಗಾಜು. ಬೊಗಸೆ ಬಿಟ್ಟು ಕುಳಿತರು. ಅವ್ವನಿಗೆ ಆಶೀರ್ವಾದ ಮಾಡಿ ಆ ಬಿಸಿಲಿನಲ್ಲಿ ನಡೆದು ಹೋದರು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ.

ಅವತ್ತೇ ಅವ್ವ ನಿಯಮ ಹಿಡಿದಳು: ಪ್ಯಾನಲ್‌ಗಳು ಅಂಗಳ ಬಿಡುವವರೆಗೆ ಸಂಜೆಯ ಊಟವಿಲ್ಲ. ವಯಸ್ಸು ಎಪ್ಪತ್ತೆರಡು, ಮೈಯಲ್ಲಿ ಸಕ್ಕರೆ ಕಾಯಿಲೆ. ಇಂದಿಗೆ ನಲವತ್ತೊಂದು ದಿನ. ಮೊನ್ನೆ ಬಚ್ಚಲಲ್ಲಿ ಕಣ್ಣು ಕತ್ತಲೆಗಟ್ಟಿ ಕುಸಿದಳು. ಸುರಜನನ್ನು ಕರೆದು ಎಲ್ಲ ಕೊಟ್ಟುಬಿಡುತ್ತೇನೆ ಎಂದೆ. ಅವಳು ಗೋಡೆ ಹಿಡಿದು ಎದ್ದು ನಿಂತಳು.

"ಮಂದಿ ಹೊಲದಾಗ ಚೆಲ್ಲಿದ್ರ ನನ್ನ ನಿಯಮ ಮುಗಿಯೂದಿಲ್ಲೋ ಭೀಮು. ಅಲ್ಲೂ ಯಾರರೆ ಉಣ್ಣಾವ್ರು ಇರ್ತಾರ."

ಶಾಲೆಯ ಮುಖ ಕಾಣದ ಮುದುಕಿಗೆ ಹೊಳೆದದ್ದು ಇಷ್ಟು ದೊಡ್ಡ ಇಲಾಖೆಗೆ ಯಾಕೆ ಹೊಳೆಯಲಿಲ್ಲ? ಏಕಸಂಬಿಯಲ್ಲಿ, ಪಾಲಬಾವಿಯಲ್ಲಿ ಇಂಥವೇ ಪ್ಯಾನಲ್‌ಗಳು ದನದ ಕೊಟ್ಟಿಗೆಗೆ ಚಾವಣಿಯಾಗಿರುವುದನ್ನು ನಾನೇ ನೋಡಿದ್ದೇನೆ. ನನ್ನ ಮೂರು ಅರ್ಜಿಗೆ ನಿಮ್ಮಿಂದ ಬಂದ ಉತ್ತರ ಒಂದೇ, 'ಪರಿಶೀಲನೆಯಲ್ಲಿದೆ'. ಏನನ್ನು ಪರಿಶೀಲಿಸುತ್ತಿದ್ದೀರಿ, ನನ್ನ ತಾಯಿ ಇನ್ನೆಷ್ಟು ದಿನ ತಾಳುತ್ತಾಳೆ ಎಂದೇ?

ಈ ವಾರದೊಳಗೆ ಲಾರಿ ಕಳಿಸಿ. ಹನ್ನೆರಡನ್ನೂ ಒಯ್ಯಿರಿ. ಗಾಜು ಎಲ್ಲಿಗೆ ಹೋಗುತ್ತದೆ, ಅಲ್ಲಿ ಏನಾಗುತ್ತದೆ ಎಂದು ಸಹಿ ಹಾಕಿ ಕಾಗದ ಕೊಡಿ. ಬಾಯಿಮಾತಿಗೆ ಅವ್ವ ಒಪ್ಪುವವಳಲ್ಲ. ಇನ್ನೊಂದು ಮಾತು: ಬರುವ ದಿನ ಹೊತ್ತು ಮುಳುಗುವ ಮೊದಲೇ ಬನ್ನಿ. ನಮ್ಮಲ್ಲಿ ಕತ್ತಲಾದ ಮೇಲೆ ಉಣ್ಣುವುದಿಲ್ಲ. ನೀವು ತಡಮಾಡಿದರೆ ಅವತ್ತೂ ಅವಳು ಹಸಿದೇ ಮಲಗಬೇಕಾಗುತ್ತದೆ.

ಇಂತಿ,
ಸರ್ಕಾರಿ ಸ್ವತ್ತಿನ ಬಿಟ್ಟಿ ಕಾವಲುಗಾರ
ಭೀಮಗೊಂಡ
ಕಾಗವಾಡ ತಾಲೂಕು