ಬಸರಿ ಮರದ ಬುಡಕ್ಕೆ ಸುರಿದ ಕಾಂಕ್ರೀಟು

ಉದ್ಯಾನಗಳ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಉಣಕಲ್ಲಿನ ನಮ್ಮ ಉದ್ಯಾನದಲ್ಲಿ ತಾವು ‘ಸಂರಕ್ಷಿತ’ ಎಂದು ಫಲಕ ಹೊಡೆದಿದ್ದ ಮೂರು ಮರಗಳಲ್ಲಿ ಒಂದಾದ ಬಸರಿಯನ್ನು ಕಳೆದ ಸೋಮವಾರ ತಮ್ಮ ಸಿಬ್ಬಂದಿಯೇ ಕಡಿದು ಸಾಗಿಸಿದರು. ಕಾರಣ ‘ಸಹಜ ವೃದ್ಧಾಪ್ಯ’ ಎಂದು ತಮ್ಮ ಪ್ರಕಟಣೆ ಹೇಳುತ್ತದೆ. ಸಹಜವೇ? ಒಂದು ಹನಿ ನೀರೂ ಇಳಿಯದಂತೆ ಬುಡಕ್ಕೆ ಕಾಂಕ್ರೀಟು ಸುರಿದು ನಾಲ್ಕು ವರ್ಷ ಕಾದರೆ ಯಾವ ಮರಕ್ಕೆ ತಾನೇ ವೃದ್ಧಾಪ್ಯ ಬರುವುದಿಲ್ಲ? ಉಳಿದ ಎರಡು ಮರಗಳೂ ಅದೇ ಕಾಂಕ್ರೀಟಿನಲ್ಲಿ ನಿಂತಿವೆ. ಈ ಪತ್ರವನ್ನು ಸಿಟ್ಟಿನಿಂದ ಬರೆಯಬೇಕಿತ್ತು. ಸಿಟ್ಟು ಬರುತ್ತಿಲ್ಲ. ಅಂದು ಮರ ಉರುಳಿದ್ದನ್ನು ನೋಡಿ ಮನೆಗೆ ಬಂದೆ, ರೊಟ್ಟಿ ಬಡಿದೆ, ಸಂಜೆ ಎಂದಿನಂತೆ ಟೈಪಿಂಗ್ ತರಗತಿ ನಡೆಸಿದೆ.

ಆ ಉದ್ಯಾನಕ್ಕೆ ಗಟ್ಟಿ ದಾರಿ ಬೇಕೆಂದು 2001ರ ಮೇ ತಿಂಗಳಲ್ಲಿ ಅರ್ಜಿ ಕೊಟ್ಟವಳು ನಾನೇ. ನನ್ನ ತಮ್ಮ ಶಶಿಕಾಂತನಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎರಡೂ ಕಾಲುಗಳ ಬಲ ಹೋಗಿದೆ. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ಹೋಗಿ, ಬಸರಿ ಮರದ ನೆರಳಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಮಳೆ ಬಿದ್ದರೆ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು, ಸೈಕಲ್ಲು ನಿಂತಲ್ಲೇ ನಿಲ್ಲುತ್ತಿತ್ತು. ಮಳೆಗಾಲವಿಡೀ ಅವನು ಮನೆಯಲ್ಲೇ.

ತಾವು ದಾರಿ ಮಂಜೂರು ಮಾಡಿದಿರಿ. ಕೆಲಸಕ್ಕೆ ಬಂದ ಗೌಂಡಿ ಯಾಕೂಬಸಾಬರು ಮರದ ಬುಡದಲ್ಲಿ ತಾವಾಗಿಯೇ ಹತ್ತು ಅಡಿ ಮಾದರಿ ಮಾಡಿ ತೋರಿಸಿದರು. ಬೇರು ಕಡಿಯದೆ ಜಲ್ಲಿ ಹರಡಿ, ಮೇಲೆ ಮರಳು ಹಾಕಿ, ನಡುವೆ ಸಂದು ಬಿಟ್ಟು ಕಲ್ಲು ಕೂರಿಸಿದರು. ಒಂದು ಕೊಡ ನೀರು ಸುರಿದರೆ ಅಷ್ಟೂ ಸಂದಿಗಳಲ್ಲಿ ಇಂಗಿತು. ಅದರ ಮೇಲೆ ಶಶಿಕಾಂತ ಸೈಕಲ್ಲು ಓಡಿಸಿದ. ಒಂದು ಕಲ್ಲೂ ಅಲುಗಲಿಲ್ಲ.

ತಮ್ಮ ಎಂಜಿನಿಯರರು ಬಂದು ನೋಡಿದರು. “ಸಂದ್ಯಾಗ ಹುಲ್ಲು ಬೆಳೀತದ. ಉದ್ಘಾಟನೆಗೆ ದೊಡ್ಡವ್ರು ಬರಾವ್ರದಾರ, ನೋಡಾಕ ಚಂದ ಕಾಣಬೇಕು. ಇದನ್ನ ಕಿತ್ತು ಕಾಂಕ್ರೀಟ್ ಹಾಕ್ರಿ” ಎಂದರು. ಉದ್ಯಾನದಲ್ಲಿ ಹುಲ್ಲು ಬೆಳೆಯುವ ಅಪಾಯವನ್ನು ಮೊದಲೇ ಊಹಿಸಿದ ಆ ದೂರದೃಷ್ಟಿಗೆ ಏನನ್ನೋಣ?

ಯಾಕೂಬಸಾಬರು ನನ್ನತ್ತ ತಿರುಗಿದರು. “ಅಕ್ಕಾರ, ನೀವರ ಒಂದು ಮಾತು ಹೇಳ್ರಿ. ಗಿಡದ ಬೇರು ನೀರು, ಗಾಳಿ ಎಲ್ಲಿಂದ ತಗೋಬೇಕರಿ?”

“ಲಗೂ ಮುಗೀಲಿ ಬಿಡ್ರಿ ಕಾಕಾ. ಮಳಿ ಬಂತು” ಎಂದೆ ನಾನು.

ನನ್ನ ಈ ಮಾತು ತಮ್ಮ ಕಡತದಲ್ಲಿ ಇರಲಿಕ್ಕಿಲ್ಲ. ದಯವಿಟ್ಟು ಸೇರಿಸಿಕೊಳ್ಳಿ.

ಕಾಂಕ್ರೀಟು ಬಿದ್ದ ಎರಡನೆಯ ವರ್ಷ ಬಸರಿಯ ಎಲೆ ಸಣ್ಣದಾಯಿತು. ಮೂರನೆಯ ವರ್ಷ ಟೊಂಗೆಗಳ ತುದಿ ಒಣಗಿತು. ನಾನು ಎರಡು ಪತ್ರ ಬರೆದೆ. ‘ಸದರಿ ಮರವು ಸಂರಕ್ಷಿತವಾಗಿರುತ್ತದೆ’ ಎಂಬ ಒಂದು ಸಾಲಿನ ಉತ್ತರ ಬಂತು. ಈ ಜೂನಿನ ಒಂದು ಬೆಳಿಗ್ಗೆ, ಗಾಳಿಯೇ ಇಲ್ಲದ ಹೊತ್ತಿನಲ್ಲಿ, ದೊಡ್ಡ ಟೊಂಗೆ ಮುರಿದು ಬಿತ್ತು. ಸೈಕಲ್ಲನ್ನು ಹಿಂದಕ್ಕೆ ತಿರುಗಿಸಲು ಹೋದ ಶಶಿಕಾಂತನ ಬಲಗೈ ಅದರಡಿ ಸಿಕ್ಕಿತು. ವೈದ್ಯರು ಎರಡು ಬೆರಳು ತೆಗೆದರು; ಉಳಿದವು ಮಡಚುವುದಿಲ್ಲ. ಗಡಿಯಾರ ಬಿಚ್ಚುತ್ತಿದ್ದುದು ಆ ಕೈ, ಸೈಕಲ್ಲು ತಿರುಗಿಸುತ್ತಿದ್ದುದೂ ಆ ಕೈ. ಅವನಿಗೆ ಕೈಯೇ ಕಾಲಾಗಿತ್ತು. ಈಗ ಹಾಸಿಗೆಯಲ್ಲಿ ಕೂತಿರುತ್ತಾನೆ. ಯಾರನ್ನೂ ಬೈಯುವುದಿಲ್ಲ, ನನ್ನನ್ನೂ ಸಹ.

ಸೋಮವಾರ ಬೊಡ್ಡೆ ಕೀಳಲು ಕಾಂಕ್ರೀಟು ಒಡೆದರು. ಶ್ರಾವಣದ ಮಳೆಗೆ ಉಣಕಲ್ ಕೆರೆ ತುಂಬಿದೆ. ಕಾಂಕ್ರೀಟಿನ ಕೆಳಗೆ ಮಾತ್ರ ಮಣ್ಣು ಬೇಸಿಗೆಯಂತೆ ಬಿರಿದಿತ್ತು. ನೋಡಲು ಬಂದಿದ್ದ ಯಾಕೂಬಸಾಬರು ಒಂದು ಹೆಂಟೆ ಎತ್ತಿ ನನ್ನ ಅಂಗೈಯಲ್ಲಿಟ್ಟರು. ಮನೆಗೆ ಬಂದಾಗ ಶಶಿಕಾಂತ ಕೇಳಿದ್ದು ಇಷ್ಟೇ: “ಅಕ್ಕಾ, ಉಳದ ಎರಡು ಗಿಡಾನೂ ಹಂಗ ಒಣಗಾಕತ್ತಾವೇನು?”

ಹೌದು, ಒಣಗುತ್ತಿವೆ. ಅವುಗಳಲ್ಲಿ ಒಂದಾದ ಬೇವಿನ ತುದಿ ಆಗಲೇ ಬೋಳಾಗಿದೆ. ದಾರಿಯನ್ನೇ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಗಾಲಿಯ ಮೇಲೆ ಬರುವವರು ಊರಿನಲ್ಲಿ ಇನ್ನೂ ಇದ್ದಾರೆ. ಎರಡೂ ಮರಗಳ ಟೊಂಗೆ ಚಾಚಿದಷ್ಟು ಅಗಲಕ್ಕೆ ಕಾಂಕ್ರೀಟನ್ನು ಬೇರಿಗೆ ಪೆಟ್ಟಾಗದಂತೆ ಕೈಯಿಂದ ಒಡೆಸಿ, ನೀರು ಇಂಗುವ ಕಲ್ಲುಹಾಸು ಹಾಕಿಸಿ. ಯಾಕೂಬಸಾಬರು ಸಿದ್ಧರಿದ್ದಾರೆ. ತಮ್ಮ ಉತ್ತರದಲ್ಲಿ ವಿಷಾದ ಬೇಡ, ಸಂತಾಪ ಬೇಡ. ಕೆಲಸ ಶುರುವಾಗುವ ತಾರೀಖು ಬರೆಯಿರಿ, ಸಾಕು.

ಇಂತಿ,
2001ರಲ್ಲಿ ತಮ್ಮ ಕಾಂಕ್ರೀಟಿಗೆ ಧನ್ಯವಾದ ಪತ್ರವನ್ನೂ ಟೈಪು ಮಾಡಿ ಕಳಿಸಿದ್ದ,
ಕಾವೇರಿ
ಉಣಕಲ್, ಹುಬ್ಬಳ್ಳಿ
ಆಗಸ್ಟ್ 2005