ಮರಳಿ ಮರಳಿ ಬರುತ್ತಿದ್ದ ಸ್ಪ್ಯಾನಿಷ್

ಎನ್ಕಾರ್ನಸಿಯಾನ್, ಪರಾಗ್ವೆ
14 ಆಗಸ್ಟ್ 2007

ಮುನಿದು ಹೊಳೆ ದಾಟಿ ಹೋದ ನನ್ನ ವಿಲ್ಫ್ರಿದೋಗೆ,

ಆಚೆ ದಡದ ಪೊಸಾದಾಸ್‌ನಲ್ಲಿ ನಿನ್ನ ಅಣ್ಣನ ಮನೆಯಲ್ಲಿ ಸುಖವಾಗಿದ್ದೀಯೆಂದು ಸೇತುವೆ ಬಸ್ಸಿನ ಡ್ರೈವರ್ ಹೇಳಿದ. ಇರು. ಮಿಂಚಂಚೆ ಕಳಿಸಿದರೆ ಓದದೆ ಅಳಿಸುತ್ತೀ, ಅದಕ್ಕೇ ಅವನ ಕೈಯಲ್ಲಿ ಈ ಕಾಗದ.

ನಮ್ಮ ಇಂಟರ್ನೆಟ್ ಅಂಗಡಿಯಲ್ಲಿ ಗಿರಾಕಿಗಳ ಎದುರು ಕೂಗಾಡಿದೆನೆಂದು ನಿನಗೆ ಸಿಟ್ಟು. ನನ್ನ ಸಿಟ್ಟನ್ನು ಯಾರು ಕೇಳಬೇಕು? ಒಂದೇ ಕೊಳವೆಯಲ್ಲಿ ಎಲ್ಲರೂ ತಣ್ಣನೆಯ ತೆರೆರೆ ಕಷಾಯ ಹೀರುವುದು ನಮ್ಮೂರಿನ ಪದ್ಧತಿ, ಒಪ್ಪಿದೆ. ಆದರೆ ಅಂದು ಸರದಿ ನನ್ನದಾಗಿತ್ತು. ನೀನು ಲೋಟವನ್ನು ನನ್ನ ಮೂಗಿನ ಕೆಳಗಿಂದ ದಾಟಿಸಿ ಆ ಶಾಲೆಯ ಮೇಡಂ ಸುನಿಲ್ದಾಗೆ ಕೊಟ್ಟೆ. ಅವಳು ನಕ್ಕಳು. ಅವಳ ನಗುವಿಗೆ ಬರವೇ ಇಲ್ಲ.

ನೀನು ಹೋದ ಮಾರನೆಯ ದಿನ ಮೂಲೆಯ ಕಂಪ್ಯೂಟರ್ ಮುಂದೆ ಕೂತೆ. ಇಷ್ಟು ವಾರ ನೀವಿಬ್ಬರೂ ಭುಜಕ್ಕೆ ಭುಜ ತಾಗಿಸಿ ಅದರೊಳಗೆ ಏನು ಹುಡುಕುತ್ತಿದ್ದಿರಿ ಎಂದು ನೋಡಬೇಕಿತ್ತು. ಪ್ರೇಮಪತ್ರ ಸಿಗಲಿಲ್ಲ. ಸಿಕ್ಕಿದ್ದು ಗ್ವಾರಾನಿ ಪದಗಳು. ಪರದೆಯಲ್ಲಿ 'ಇನಿಸಿಯೋ', ಅಂದರೆ 'ಶುರು', ಎಂಬ ಸ್ಪ್ಯಾನಿಷ್ ಗುಂಡಿಯ ಮೇಲೆ 'ಞೆಪಿರೂ' ಎಂದು ನಮ್ಮ ಮಾತು ಬರಿಸಲು ಒದ್ದಾಡಿದ್ದೀರಿ, ಅವಳ ಶಾಲೆಗೆ ಅಕ್ಷರ ಕಲಿಯಲು ಬರುವ ಸಂತೆಯ ಮುದುಕಿಯರಿಗಾಗಿ. ಗ್ವಾರಾನಿ ಮನೆಯಲ್ಲಿ ಹುಟ್ಟಿದವಳು ನಾನು, ಪುಸ್ತಕದಿಂದ ಕಲಿತವಳು ಅವಳು. ಒಂದೇ ಒಂದು ಪದವನ್ನಾದರೂ ನನ್ನನ್ನು ಕೇಳಿದೆಯಾ?

ನೀವು ಎಷ್ಟು ಸಲ ಬದಲಿಸಿದರೂ ಸ್ಪ್ಯಾನಿಷ್ ಯಾಕೆ ಮರಳುತ್ತಿತ್ತು, ಗೊತ್ತೇ? ಈ ಹಳೆಯ ವಿಂಡೋಸ್ ಎಕ್ಸ್‌ಪಿ, ಗುಂಡಿಗಳ ಪದಗಳಿರುವ ತನ್ನ ಮುಖ್ಯ ಕಡತಗಳ ನಕಲನ್ನು ಒಳಗೊಂದು ಕಡೆ ಬಚ್ಚಿಟ್ಟಿರುತ್ತದೆ. ಯಾರಾದರೂ ಕಡತ ಬದಲಿಸಿದರೆ ಸದ್ದಿಲ್ಲದೆ ಹಳೆಯದನ್ನೇ ತಂದಿಡುತ್ತದೆ. ಮೊದಲು ಬಚ್ಚಿಟ್ಟ ನಕಲನ್ನು ಬದಲಿಸಬೇಕು, ಆಮೇಲೆ ಹೊರಗಿನದನ್ನು. 'ಮೂಲ ಡಿಸ್ಕ್ ಹಾಕಿ' ಎಂದು ಅದು ಗೋಗರೆದರೆ ಬೇಡವೆನ್ನಬೇಕು. ಎರಡು ಸಲ ಯಂತ್ರ ಕೆಟ್ಟು ನಿಂತಿತು. ಮೂರನೆಯ ಸಲ 'ಞೆಪಿರೂ' ಬಂತು, ಯಂತ್ರ ಆರಿಸಿ ಮತ್ತೆ ಹಚ್ಚಿದರೂ ಉಳಿಯಿತು. ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ.

ಶುಕ್ರವಾರ ಅವಳೇ ಬಂದಳು, ಮಲ್ಲಿಗೆಯ ಸೆಂಟು ಹಾಕಿಕೊಂಡು, ಮುದುಕಿಯರನ್ನು ಹಿಂದೆ ಕಟ್ಟಿಕೊಂಡು.

"ವಿಲ್ಫ್ರಿದೋ ಇಲ್ವಾ?" ಎಂದಳು.

"ಇಲ್ಲ. ನಾನಿದೀನಲ್ಲ, ಸಾಲದಾ?"

"ಅಯ್ಯೋ, ನಿಮಗೆ ಇದೆಲ್ಲ ಬರುತ್ತಾ, ನಿಮಿಯಾ?"

ಇದೆಲ್ಲ! ಪರದೆಯನ್ನು ಅವಳ ಕಡೆ ತಿರುಗಿಸಿದೆ. ಮೊದಲ ಸಲ ಅವಳ ನಗು ನಿಂತಿತು. ಅಷ್ಟರಲ್ಲಿ ಚಿಪಾ ರೊಟ್ಟಿ ಮಾರುವ ಸಿನ್ಫೋರಿಯಾನಾ ಅಜ್ಜಿ ಅವಳನ್ನು ಪಕ್ಕಕ್ಕೆ ತಳ್ಳಿ ಬಂದು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಇದು ನಮ್ಮಾತು ಕಣೇ! ಮೊದ್ಲೇ ಹಿಂಗ್ ಬರ್ದಿದ್ರೆ ಈ ಡಬ್ಬಕ್ಕೆ ನಾನ್ಯಾಕೆ ಹೆದರ್ತಿದ್ದೆ?" ಎಂದು ತಾನೇ ಗುಂಡಿ ಒತ್ತಿದಳು. ಮ್ಯಾಡ್ರಿಡ್‌ನಲ್ಲಿ ಮನೆಗೆಲಸಕ್ಕಿರುವ ಮಗಳ ಮುಖ ವಿಡಿಯೋ ಕರೆಯಲ್ಲಿ ಪರದೆಯ ಮೇಲೆ ಮೂಡಿದಾಗ, "ಯಾಕೇ ಹಿಂಗ್ ಸೊರಗಿದೀಯ? ಅಲ್ಲಿ ಅನ್ನ ಹಾಕಲ್ವಾ ನಿಂಗೆ?" ಎಂದು ಬೈಯುತ್ತ ಬೈಯುತ್ತ ಅತ್ತಳು. ಸುನಿಲ್ದಾಳೂ ಅತ್ತಳು. ಅಳುವಾಗ ಅವಳು ಅಷ್ಟೇನೂ ಚೆಲುವೆಯಲ್ಲ. ಇದನ್ನು ನಿನಗೆ ತಿಳಿಸಬೇಕೆನಿಸಿತು.

ಅವಳಿಗೆ ಎಲ್ಲವನ್ನೂ ಹೇಳಿಕೊಟ್ಟೆ. ಯಾವುದು ಮೊದಲು, ಯಾವುದು ಆಮೇಲೆ, ಯಂತ್ರ ಕೆಟ್ಟರೆ ಏನು ಮಾಡಬೇಕು, ಪೂರ್ತಿ. ಅವಳೇ ಕೈಯಾರೆ ಮಾಡಿ ತೋರಿಸುವವರೆಗೂ ಬಿಡಲಿಲ್ಲ. ನಿಮಿಯಾಳದು ದೊಡ್ಡ ಮನಸ್ಸು ಎಂದು ಬೀದಿಯೆಲ್ಲ ಹೊಗಳುತ್ತಿದೆ. ದೊಡ್ಡ ಮನಸ್ಸೂ ಇಲ್ಲ, ಏನೂ ಇಲ್ಲ. ಇನ್ನು ಆ ಕೆಲಸಕ್ಕೆ ಅವಳಿಗೆ ನೀನು ಬೇಕಾಗಿಲ್ಲ, ಅಷ್ಟೇ.

ಬಾ, ಮನೆಗೆ ಬಾ. ನಿನ್ನ ಕಡೆಯ ಹಾಸಿಗೆ ತಣ್ಣಗಿದೆ.

ಇನ್ನೂ ಸಿಟ್ಟು ಇಳಿಯದ, ನಿನ್ನವಳೇ ಆದ
ನಿಮಿಯಾ

ಮರೆತಿದ್ದೆ: ನೀನು ಯಾವಾಗ ಬರುತ್ತೀ ಎಂದು ಸುನಿಲ್ದಾ ಕೇಳಿದಳು. ಪೊಸಾದಾಸ್‌ನಲ್ಲೇ ಕೆಲಸ ಸಿಕ್ಕಿದೆ, ಇನ್ನು ಬರುವುದಿಲ್ಲ ಎಂದುಬಿಟ್ಟೆ. ಬರುವಾಗ ಶಾಲೆಯ ಬೀದಿ ಬಿಟ್ಟು ಹೊಳೆದಂಡೆಯಿಂದ ಬಾ.