ಸ್ಟೇರಿಂಗ್ ತಿರುಗಿ ಬರಲಿಲ್ಲ ಅಂದಿದ್ದೆಯಲ್ಲ

ಅಪ್ಪಾ,

ನೀನಿದ್ದಾಗ ನಿನಗೊಂದು ಸಾಲು ಬರೆದವಳಲ್ಲ ನಾನು. ಒಂದೇ ಮನೆಯಲ್ಲಿ ಇದ್ದವರಿಗೆ ಪತ್ರ ಯಾಕೆ ಬೇಕಿತ್ತು? ಈಗ ನಿನಗೆ ಒಂದು ಸುದ್ದಿ ಹೇಳಬೇಕಾಗಿದೆ. ಅದನ್ನು ಕೇಳದೆ ನೀನು ಹೋಗಿಬಿಟ್ಟೆ.

ತಿಕೋಟಾ ರಸ್ತೆಯಲ್ಲಿ ನನಗೆ ಕಾರು ಕಲಿಸಿದ್ದು ನೆನಪಿದೆಯಾ? ಜನ್ಮವೆಲ್ಲ ಬಸ್ಸು ಓಡಿಸಿ ನಿವೃತ್ತನಾದವನು, ಹಳೆಯ ಕಾರೊಂದನ್ನು ಕೊಂಡ ವಾರವೇ ನನ್ನನ್ನು ಅದರಲ್ಲಿ ಕೂರಿಸಿದೆ. "ಲೇ, ಅದರ ಕುತಗಿ ಯಾಕ ಹಿಚಕಾಕತ್ತಿ? ತಿರುವು ಮುಗದ ಮ್ಯಾಲ ಕೈ ಸಡಲ ಬಿಡು. ಸ್ಟೇರಿಂಗ್ ತಾನ ನೆಟ್ಟಗ ಆಕೈತಿ," ಎಂದೆ. ನಾನು ಹೆದರುತ್ತಲೇ ಬಿಟ್ಟೆ, ನೆಟ್ಟಗಾಯಿತು. ದ್ರಾಕ್ಷಿ ತೋಟದ ಪಕ್ಕ ಕಾರು ನಿಲ್ಲಿಸಿ ನೀನು ನಕ್ಕ ನಗು ಇನ್ನೂ ಕಣ್ಣಿಗೆ ಕಟ್ಟಿದೆ.

ಕಾಖಂಡಕಿಯ ಆ ಮಧ್ಯಾಹ್ನವೂ ಕಣ್ಣಿಗೆ ಕಟ್ಟಿದೆ, ಬೇಡವೆಂದರೂ. ಕಾಕಾನ ಮೊಮ್ಮಗಳ ತೊಟ್ಟಿಲ ಕಾರ್ಯ ಮುಗಿಸಿ ಹೊರಟಿದ್ದೆವು, ಕಾರು ಓಡಿಸುತ್ತಿದ್ದವನು ನೀನು. ಓಣಿಯ ತಿರುವಿನಲ್ಲಿ ಕಾರು ನೆಟ್ಟಗಾಗದೆ ಎಡಕ್ಕೇ ಹೋಗಿ ಕಟ್ಟೆಗೆ ಉಜ್ಜಿತು. ಕಟ್ಟೆಯ ಮೇಲಿದ್ದ ಮುದುಕಿ ಕಾಲು ಎಳೆದುಕೊಳ್ಳದೇ ಹೋಗಿದ್ದರೆ... "ಸ್ಟೇರಿಂಗ್ ತಿರುಗಿ ಬರಲಿಲ್ಲ ಯವ್ವಾ," ಎಂದೆ ನೀನು. ನಾನು ಬಾಗಿಲು ಬಡಿದು ಇಳಿದು, ಅಷ್ಟೂ ಬೀಗರ ಎದುರಿಗೆ ಕೂಗಿದೆ: "ಸ್ಟೇರಿಂಗಿಗೆ ಏನೂ ಆಗಿಲ್ಲ ಯಪ್ಪಾ, ನಿನ್ನ ಕೈ ಹೋಗ್ಯಾವು! ಯಾರನರೆ ಕೊಂದ ಮ್ಯಾಲ ಬಿಡಾಂವ ಏನು? ಕೀಲಿ ಕೊಡು." ನೀನು ಕೊಟ್ಟೆ. ಕಾಕಾನ ಮಗ ಕಾರು ಓಡಿಸಿಕೊಂಡು ನಮ್ಮನ್ನು ವಿಜಯಪುರಕ್ಕೆ ತಂದು ಬಿಟ್ಟ. ದಾರಿಯುದ್ದಕ್ಕೂ ನೀನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಮನೆಗೆ ಬಂದ ಕೂಡಲೇ ಅವ್ವ ಕೀಲಿಯನ್ನು ದೇವರ ಜಗಲಿಯ ಮೇಲೆ ಇಟ್ಟಳು. ಜಗಲಿಯ ಮೇಲಿಟ್ಟಿದ್ದನ್ನು ಇಟ್ಟವರೇ ತೆಗೆದು ಕೊಡಬೇಕು, ಬೇರೆಯವರು ಕೇಳಬಾರದು ಎಂಬುದು ನಮ್ಮ ಮನೆಯ ಪದ್ಧತಿಯಲ್ಲವೇ? ಅವ್ವ ಬೇಕೆಂದೇ ಅಲ್ಲಿಟ್ಟಳು, ನಾನು ಬೇಕೆಂದೇ ಸುಮ್ಮನಿದ್ದೆ. ನೀನು ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ವಿಭೂತಿ ಹಚ್ಚಿಕೊಂಡೆ, ಒಮ್ಮೆಯೂ ಕೇಳಲಿಲ್ಲ. ಕಾಖಂಡಕಿಗೆ ಹೋಗುವ ಮೊದಲೇ ನೀನು ಒಂದು ಅಂಗಡಿಯಲ್ಲಿ ಚಕ್ರಗಳ ಅಲೈನ್‌ಮೆಂಟ್ ನೋಡಿಸಿ, ಎಲ್ಲ ಸರಿ ಇದೆ ಎಂಬ ಚೀಟಿ ತಂದಿದ್ದೆಯಲ್ಲ, ಅದನ್ನು ನಾನು ನಿನ್ನ ವಿರುದ್ಧವೇ ಸಾಕ್ಷಿ ಮಾಡಿಕೊಂಡಿದ್ದೆ.

ಒಂದು ದಿನ ಹಿತ್ತಲಲ್ಲಿ ನೀನು ಹಳೆಯ ಟೆನಿಸ್ ಚೆಂಡು ಹಿಚುಕುತ್ತ ಕೂತಿದ್ದೆ. ಏನು ಮಾಡಾಕತ್ತಿ ಎಂದು ನಾನು ಕೇಳಿದೆ. "ಏನಿಲ್ಲ, ಕೈಗಿ ಒಂದೀಟು ಶಕ್ತಿ ಬರಲಿ ಅಂತ," ಎಂದೆ ನೀನು. ಸರಿ ಎಂದು ನಾನು ಒಳಗೆ ಹೋದೆ. ಹೋಗಬಾರದಿತ್ತು ಅಪ್ಪಾ. ನನ್ನ ಮಾತನ್ನು ನೀನು ನಂಬಿಬಿಟ್ಟಿದ್ದೀ ಎಂದು ಆಗಲೇ ತಿಳಿಯಬೇಕಿತ್ತು. ಕಾಖಂಡಕಿಯ ಆ ದಿನ ಕಳೆದು ಎಂಟು ತಿಂಗಳಿಗೆ ನಿನ್ನ ಎದೆ ಕೈಕೊಟ್ಟಿತು. ಕೈಗಳು ಕೊನೆಯವರೆಗೂ ಗಟ್ಟಿಯಾಗಿದ್ದವು, ಆಸ್ಪತ್ರೆಯಲ್ಲಿ ನನ್ನ ಬೆರಳು ಹಿಡಿದದ್ದು ನೋವಾಗುವಷ್ಟಿತ್ತು.

ಹೋದ ತಿಂಗಳು ನನಗೆ ನಿಡೋಣಿಯ ಶಾಲೆಗೆ ವರ್ಗವಾಯಿತು. ಬಸ್ಸಿನ ಹೊತ್ತು ಹೊಂದಲಿಲ್ಲ, ಅವ್ವನೇ ಕೀಲಿ ತೆಗೆದುಕೊಟ್ಟಳು. ಬಬಲೇಶ್ವರದಲ್ಲಿ ಕಾರು ತಿರುಗಿಸಿ, ನೀನು ಕಲಿಸಿದಂತೆ ಕೈ ಸಡಿಲ ಬಿಟ್ಟೆ. ಸ್ಟೇರಿಂಗ್ ಬರಲಿಲ್ಲ. ಮುಂದಿನ ತಿರುವಿನಲ್ಲೂ ಬಿಟ್ಟೆ. ಮುಂಭಾಗದಲ್ಲಿ ಎಲ್ಲೋ 'ಟಂಗ್' ಎಂದಿತು, ಬರಲಿಲ್ಲ. ನಿನ್ನ ಕೈ ಹೋಗಿದ್ದವು ಸರಿ, ನನ್ನ ಕೈಗೆ ಏನಾಗಿದೆ? ರಸ್ತೆಯ ಬದಿಗೆ ಕಾರು ಹಚ್ಚಿ ಅತ್ತುಬಿಟ್ಟೆ. ಅವತ್ತು ಶಾಲೆಗೆ ತಡವಾಗಿ ಹೋದೆ.

ಶನಿವಾರ ಮಧ್ಯಾಹ್ನ ಸ್ಟೇಷನ್ ರಸ್ತೆಯ ಹಿಂದಿನ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ದಸ್ತಗೀರ ಮಾಮಾ ಬಾನೆಟ್ ಎತ್ತಿ, ಶಾಕ್ ಅಬ್ಸಾರ್ಬರಿನ ತಲೆಯ ಮೇಲೆ ನನ್ನ ಅಂಗೈ ಇಡಿಸಿ, ತಾವು ಒಳಗೆ ಕೂತು ಸ್ಟೇರಿಂಗ್ ತಿರುವಿದರು. ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಅಂಗೈಯ ಕೆಳಗೆ ಏನೋ ಧಡ್ ಎಂದು ಜಿಗಿಯಿತು. "ಈ ತಲಿ ಮ್ಯಾಲಿನ ಮೌಂಟಿಂಗ್ ಹೋಗ್ಯಾವ ತಂಗಿ. ರಬ್ಬರ್ ಸೀಳೈತಿ, ಅದರೊಳಗಿನ ಬೇರಿಂಗ್ ಹಿಡಕೊಂಡೈತಿ. ಬೀಸೂಕಲ್ಲಿನ ನಡುವಿನ ಗೂಟ ಜಾಮ್ ಆದ್ರ ಕಲ್ಲು ತಿರಗತೈತೇನು? ಹಂಗ ಇದು. ತಿರಗಾಕೂ ಒಲ್ಲದು, ತಿರುಗಿ ಬರಾಕೂ ಒಲ್ಲದು."

"ಎಷ್ಟು ದಿನದಿಂದ ಹಿಂಗಿರಬೇಕ್ರಿ?" ಎಂದು ಕೇಳಿದೆ.

"ವರ್ಷದ ಮ್ಯಾಲ ಆಗಿರಬೇಕು."

"ನಮ್ಮಪ್ಪ ಅಷ್ಟು ವರ್ಷ ಬಸ್ಸು ಓಡಿಸ್ಯಾನ್ರಿ. ಅವಗ ಹೆಂಗ ಗೊತ್ತಾಗಲಿಲ್ಲ?"

"ಬಸ್ಸಿಗೆ ಸ್ಪ್ರಿಂಗ್ ಬದಲಿ ಕಬ್ಬಿಣದ ಪಟ್ಟಿ, ಪಾಟಾ ಇರತಾವ ತಂಗಿ, ಈ ಮೌಂಟಿಂಗ್ ಇರಂಗಿಲ್ಲ. ಅವರು ಎಲ್ಲಿಂದ ನೋಡಿರಬೇಕು?"

ಸ್ಟೂಲಿನ ಮೇಲೆ ಕೂತು ಕೆಲಸ ಪೂರ್ತಿ ನೋಡಿದೆ. ಚಕ್ರ ಬಿಚ್ಚಿ, ಶಾಕ್ ಅಬ್ಸಾರ್ಬರನ್ನು ಸ್ಪ್ರಿಂಗ್ ಸಮೇತ ಹೊರಗೆ ತೆಗೆದರು. ಸ್ಪ್ರಿಂಗಿಗೆ ಎರಡೂ ಕಡೆ ಕ್ಲಾಂಪ್ ಹಾಕಿ ಬಿಗಿದು ಅದುಮಿದ ಮೇಲೆಯೇ ಮೇಲಿನ ನಟ್ಟಿಗೆ ಕೈ ಹಚ್ಚಿದರು. "ಇದನ್ನ ಅದುಮದ ಬಿಚ್ಚಿದ್ರ ಮಾರಿ ಉಳಿಯಂಗಿಲ್ಲ," ಎಂದು ನನ್ನನ್ನು ದೂರ ಸರಿಸಿದರು. ಬಲಗಡೆಯ ಮೌಂಟಿಂಗ್ ಇನ್ನೂ ಸ್ವಲ್ಪ ತಿರುಗುತ್ತಿತ್ತು, ಆದರೂ ಎರಡನ್ನೂ ಜೋಡಿಯಾಗಿ ಬದಲಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿದರು. ಎಡಗಡೆಯ ಹಳೆಯದನ್ನು ಕೇಳಿ ತೆಗೆದುಕೊಂಡೆ. ಅಂಗೈಯಲ್ಲಿಟ್ಟು ಎಷ್ಟು ತಿರುವಿದರೂ ಅಲುಗಲಿಲ್ಲ. ಹಿಡಿಯಷ್ಟು ರಬ್ಬರು, ಕಬ್ಬಿಣ. ಇದರ ತಪ್ಪನ್ನು ನಿನ್ನ ಮೇಲೆ ಹೊರಿಸಿದ್ದೆನಲ್ಲ?

ಅವ್ವನಿಗೆ ಹೇಳಿದಾಗ ಅವಳು ಸೆರಗು ಬಾಯಿಗೆ ಹಿಡಿದು, "ನನಗರೆ ಒಂದ ಮಾತು ಹೇಳಬೇಕಿತ್ತು ಅವರು," ಎಂದಳು. ಹೇಳಿದ್ದೆಯಲ್ಲ ನೀನು, ಎಲ್ಲರಿಗೂ ಕೇಳುವಂತೆ.

ಎಲ್ಲರೆದುರು ಆಡಿದ ಮಾತನ್ನು ಎಲ್ಲರೆದುರಿಗೇ ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಿತು. ನಿನ್ನೆ ಕಾಖಂಡಕಿಗೆ ಹೋದೆ. ಕಾಕಾನ ಪಡಸಾಲೆಯಲ್ಲಿ ಮನೆಯವರನ್ನು, ಓಣಿಯವರನ್ನು ಕೂಡಿಸಿ, ಆ ಮೌಂಟಿಂಗನ್ನು ನಡುವೆ ಇಟ್ಟು, "ನಮ್ಮಪ್ಪನ ಕೈ ಹೋಗಿರಲಿಲ್ರಿ, ಇದು ಹೋಗಿತ್ತು. ನಾ ತಪ್ಪು ಮಾತಾಡಿದ್ನಿ," ಎಂದು ಕೈ ಮುಗಿದೆ. ಕಾಕಾ ಕಣ್ಣು ಒರೆಸಿಕೊಂಡು ಹೇಳಿದ:

"ಮರುದಿನಾ ನಿಮ್ಮಪ್ಪ ಫೋನ್ ಮಾಡಿದ್ದ ನೋಡವಾ. 'ಎಲ್ಲಾರ ಮುಂದ ಅಪ್ಪಗ ಬೈದಳು ಅಂತ ಆಕಿಗಿ ಯಾರೂ ಒಂದ ಮಾತು ಅನಬ್ಯಾಡ್ರಿ. ಆಕಿ ಅಂದದ್ದು ಖರೆ ಐತಿ, ನನ್ನ ಕೈ ಹೋಗ್ಯಾವು' ಅಂದಿದ್ದ."

ಖರೆ ಅಲ್ಲ ಅಪ್ಪಾ. ಸಾರಿಗೆ ಉಪ್ಪು ಹೆಚ್ಚಾದರೂ ನನ್ನ ಜೊತೆ ಜಗಳ ತೆಗೆಯುತ್ತಿದ್ದವನು, ಇದೊಂದಕ್ಕೆ ಯಾಕೆ ಸುಮ್ಮನಾದೆ? ಜಗಳಾಡಬೇಕಿತ್ತು ನೀನು. ನಿನ್ನ ಕೈ ಹೋಗಿರಲಿಲ್ಲ.

ನಿನ್ನ ಮಗಳು